ಸತ್ತ ಕಾರ್ಡಿಗೆ ಬೆಸುಗೆ ಹಾಕೋರು ಯಾರು?

1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ತಂದಾಗ ಬಣ್ಣದ ಚಿತ್ರ ತೋರಿಸೋಕೆ ಅಂತಲೇ ಒಂದು ಕಾರ್ಡ್ ಸಿಗ್ತಿತ್ತು. ಅದರ ಹೆಸರು ಸಿಜಿಎ. ಮೆಮೊರಿ 16 ಕೆಬಿ, ಗೇಮ್‌ಗಳಲ್ಲಿ ಸಾಮಾನ್ಯವಾಗಿ ಒಮ್ಮೆಗೆ ನಾಲ್ಕೇ ಬಣ್ಣ. ಇವತ್ತು ನೋಡಿದ್ರೆ ನಗು ಬರುತ್ತೆ. ಆದ್ರೆ ಒಂದು ವಿಷಯಕ್ಕೆ ನನಗೆ ಹೊಟ್ಟೆಕಿಚ್ಚು: ಆ ಕಾರ್ಡಿನ ಪೂರ್ತಿ ಸರ್ಕ್ಯೂಟ್ ನಕ್ಷೆಯನ್ನ ಐಬಿಎಂ ತನ್ನ ಟೆಕ್ನಿಕಲ್ ರೆಫರೆನ್ಸ್ ಪುಸ್ತಕದಲ್ಲಿ ಅಚ್ಚು ಹಾಕಿಬಿಟ್ಟಿತ್ತು. ಚಿಪ್‌ಗಳ ಕಾಲುಗಳು ಬೋರ್ಡಿನ ತೂತುಗಳಲ್ಲಿ ಇಳಿದಿರುತ್ತಿದ್ದವು. ರೇಡಿಯೋ ರಿಪೇರಿ ಬಲ್ಲವನು ಕೈಯಲ್ಲಿ ಕಾವಿನ ಕಡ್ಡಿ ಹಿಡಿದು ಸುಟ್ಟ ಚಿಪ್ ತೆಗೆದು ಹೊಸದು ಕೂರಿಸಬಹುದಿತ್ತು.

ಇದೆಲ್ಲ ನೆನಪಾಗಿದ್ದು ಗೊಟಗೋಡಿಯಲ್ಲಿ, ಕಾಕಾನ ಮನೆಯಲ್ಲಿ. ಕಾಕಾನ ಮಗನ ಗೇಮಿಂಗ್ ಕಂಪ್ಯೂಟರ್ ಕೆಟ್ಟಿತ್ತು. "ಅಣ್ಣಾ, ಫ್ಯಾನ್ ತಿರಗತಾವು, ಸ್ಕ್ರೀನ್ ಮ್ಯಾಲ ಏನೂ ಬರವಲ್ದು" ಅಂದ. ಗ್ರಾಫಿಕ್ಸ್ ಕಾರ್ಡ್ ತೆಗೆದು ಕೇಬಲ್ಲನ್ನ ಮದರ್‌ಬೋರ್ಡಿಗೇ ಚುಚ್ಚಿದರೆ ಚಿತ್ರ ಬಂತು. ಕಾರ್ಡನ್ನ ಅವನ ಗೆಳೆಯನ ಮಷಿನ್‌ಗೆ ಹಾಕಿದರೆ ಅಲ್ಲೂ ಕತ್ತಲು. ಅಲ್ಲಿಗೆ ಗೊತ್ತಾಯ್ತು, ಹೋಗಿದ್ದು ಕಾರ್ಡೇ. ಹೊಸದಕ್ಕೆ ಎಷ್ಟಾಗುತ್ತೆ ಅಂತ ಕೇಳಿದ ಕಾಕಾ ಆಮೇಲೆ ಒಂದೇ ಮಾತು ಕೇಳಿದ: "ಅಷ್ಟ ರೊಕ್ಕದ ಸಾಮಾನ, ಬೆಸಗಿ ಹಾಕಸಿದ್ರ ಆಗೂದಿಲ್ಲೇನಪಾ?"

ಈ ಊರಲ್ಲಿ ಆ ಪ್ರಶ್ನೆ ಬರೋದು ಸಹಜವೇ. ಹೆದ್ದಾರಿ ಪಕ್ಕದ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಹಳ್ಳಿಯ ಕಸುಬುದಾರರನ್ನ ಆಳೆತ್ತರದ ಶಿಲ್ಪಗಳಾಗಿ ನಿಲ್ಲಿಸಿದ್ದಾರೆ. 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇರೋದೂ ಇಲ್ಲೇ. ಮುರಿದದ್ದನ್ನ ಸರಿಮಾಡೋ ಕೈಗಳ ನೆನಪು ಇನ್ನೂ ಆರದ ಜಾಗ ಇದು. ಕಾಕಾನಿಗೆ ಕೊಡಬೇಕಾದ ಉತ್ತರ ಮಾತ್ರ ಸ್ವಲ್ಪ ಉದ್ದದ್ದು.

ತೊಂಬತ್ತರ ದಶಕದ ಎಷ್ಟೋ ಕಾರ್ಡುಗಳಲ್ಲಿ ಖಾಲಿ ಸಾಕೆಟ್ ಇರುತ್ತಿದ್ದವು. ಮೆಮೊರಿ ಚಿಪ್ ಕೊಂಡು ನಾವೇ ಒತ್ತಿ ಕೂರಿಸಿದರೆ 1 ಎಂಬಿ ಇದ್ದದ್ದು 2 ಎಂಬಿ ಆಗ್ತಿತ್ತು. 1996ರಲ್ಲಿ 3ಡಿಎಫ್ಎಕ್ಸ್‌ನ ವೂಡೂ ಬಂತು, 1999ರಲ್ಲಿ ಎನ್‌ವಿಡಿಯಾ ಜೀಫೋರ್ಸ್ 256 ತಂದು 'ಜಿಪಿಯು' ಅನ್ನೋ ಹೆಸರನ್ನ ಜನಪ್ರಿಯ ಮಾಡಿತು. ವೇಗ ಏರಿದ ಹಾಗೆ ಚಿಪ್ಪಿನ ಕಾಲುಗಳು ಕಾಣೆಯಾದವು. ಅವುಗಳ ಜಾಗಕ್ಕೆ ಚಿಪ್ಪಿನ ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು ಬಂದವು, ಇವತ್ತಿನ ದೊಡ್ಡ ಚಿಪ್ಪಿನಲ್ಲಿ ಸಾವಿರಾರು. ಕಣ್ಣಿಗೆ ಕಾಣಲ್ಲ, ಕಡ್ಡಿ ತಾಗಲ್ಲ. ಗೇಮ್ ಆಡಿದಾಗ ಕಾಯ್ತವೆ, ನಿಲ್ಲಿಸಿದಾಗ ಆರ್ತವೆ. ವರ್ಷಗಟ್ಟಲೆ ಹೀಗೇ ನಡೆದು ಒಂದು ದಿನ ಎಲ್ಲೋ ಒಂದು ಗುಂಡು ಬಿರುಕು ಬಿಡುತ್ತೆ. ಕಾರ್ಡುಗಳು ಸಾಯೋದಕ್ಕೆ ಬೇರೆ ಕಾರಣಗಳೂ ಇವೆ, ಆದ್ರೆ ಇದು ಹಳೇ ರೋಗ.

ದೊಡ್ಡ ಕಂಪನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ರಿಪೇರಿಗೆ ಅಂತ 100 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿಟ್ಟಿತು. ಮರುವರ್ಷ ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್ ದೋಷಕ್ಕೆ ಎನ್‌ವಿಡಿಯಾ 15ರಿಂದ 20 ಕೋಟಿ ಡಾಲರ್ ಲೆಕ್ಕ ಬರೆಯಿತು.

ಆ ಹೊತ್ತಿಗೆ ಬೆಸುಗೆಯ ಲೋಹವೇ ಬದಲಾಗಿತ್ತು. ತವರ-ಸೀಸದ ಹಳೇ ಬೆಸುಗೆ 183 ಡಿಗ್ರಿಗೇ ಕರಗುತ್ತೆ. ಯುರೋಪ್ 2006ರ ಜುಲೈ 1ರಿಂದ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಬಂದ ಹೊಸ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಸೀಸ ಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಹಳೇ ಬೋರ್ಡ್ ಸುಟ್ಟು ಲೋಹ ತೆಗೆಯೋರ ರಕ್ತಕ್ಕೆ ಸೇರೋ ವಿಷ ಅದು. ಆದ್ರೆ ಬೀದಿ ಬದಿಯ ರಿಪೇರಿಯವನ ಕೆಲಸ ಕಷ್ಟವಾಗಿದ್ದೂ ನಿಜ.

ಇದೇ ಕಾಲದಲ್ಲಿ ಒಂದು ಮನೆಮದ್ದು ಹುಟ್ಟಿತು. ಸತ್ತ ಕಾರ್ಡನ್ನ ಓವನ್‌ನಲ್ಲಿಟ್ಟು ಸುಮಾರು 200 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸೋದು! ಕೆಲವು ಕಾರ್ಡುಗಳು ಎದ್ದು ಕೂತಿದ್ದೂ ಉಂಟು. ಸೀಸವಿಲ್ಲದ ಬೆಸುಗೆ ಆ ಶಾಖಕ್ಕೆ ಕರಗೋದೇ ಇಲ್ಲ. ಬಿಸಿಗೆ ಹಿಗ್ಗಿ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತೆ, ಕೆಲವು ವಾರಕ್ಕೆ ಮತ್ತೆ ಬಿಡುತ್ತೆ. ತಮ್ಮನೂ ಕೇಳಿದ. ಚಿಗವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ತಿರುಗಿ ನೋಡಿದಳು, ಅಲ್ಲಿಗೆ ಆ ಮಾತು ಮುಗೀತು. ಹಾಗೇ ಆಗಲಿ, ಆ ಹೊಗೆ ಅಡುಗೆಮನೆಗೆ ಸೇರೋದಲ್ಲ. ಗುಂಡುಗಳನ್ನ ಪೂರ್ತಿ ತೆಗೆದು ಹೊಸದು ಕೂರಿಸೋ 'ರೀಬಾಲಿಂಗ್' ಇದೆ. ಆದ್ರೆ ಅದಕ್ಕೆ ಮಷಿನ್ ಬೇಕು, ಕೊಡೋ ದುಡ್ಡಿಗೆ ಗ್ಯಾರಂಟಿ ಕಮ್ಮಿ.

ಬಿಚ್ಚಿ ಕೂರಿಸೋ ಜಾಗ ಒಂದು ಮಾತ್ರ ನಮ್ಮ ಕೈಯಲ್ಲಿ ಉಳಿದಿದೆ, ಸ್ಲಾಟು. 2004ರ ಸುಮಾರಿಗೆ ಪೇಟೆಗೆ ಬಂದ ಪಿಸಿಐ ಎಕ್ಸ್‌ಪ್ರೆಸ್ ಎಷ್ಟೋ ತಲೆಮಾರು ದಾಟಿದರೂ ಹಳೇ ಬೋರ್ಡಿಗೆ ಹೊಸ ಕಾರ್ಡ್ ಕೂರುತ್ತೆ. ನೋಡಬೇಕಾದ್ದು ಕರೆಂಟು: ಸ್ಲಾಟ್ ಕೊಡೋದು 75 ವ್ಯಾಟ್, 8 ಪಿನ್ನಿನ ವೈರ್ 150. ತಮ್ಮನ ಎಸ್‌ಎಂಪಿಎಸ್‌ನಲ್ಲಿ ಅಂಥ ವೈರ್ ಒಂದೇ ಇತ್ತು. ಅದಕ್ಕೆ ಹೊಂದೋ ಸಾಧಾರಣ ಕಾರ್ಡ್ ಹುಬ್ಬಳ್ಳಿಯಿಂದ ತಂದ್ವಿ. ಸೆಕೆಂಡ್ ಹ್ಯಾಂಡ್ ಬೇಡ ಅಂದೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂನ ಗಣಿಗಾರಿಕೆ ನಿಂತ ಮೇಲೆ ಹಗಲೂ ರಾತ್ರಿ ಕಾದ ಕಾರ್ಡುಗಳು ಹಳೇ ಪೇಟೆಗೆ ಹರಿದು ಬಂದಿವೆ, ಯಾವುದರ ಚರಿತ್ರೆ ಏನು ಅಂತ ಹೊರಗಿನಿಂದ ತಿಳಿಯೋದಿಲ್ಲ.

ಎಸ್‌ಎಂಪಿಎಸ್ ಆರಿಸಿ, ಪಿನ್ ಕಿತ್ತು, ಕಾರ್ಡ್ ಕೂರಿಸಿ 'ಟಕ್' ಅನ್ನೋತನಕ ಒತ್ತಿ, ಸ್ಕ್ರೂ ಬಿಗಿದು, ಹಳೇ ಡ್ರೈವರ್ ಅಳಿಸಿ ಹೊಸದು ಹಾಕೋಕೆ ಅರ್ಧ ಗಂಟೆ ಹಿಡೀತು. ಸತ್ತ ಕಾರ್ಡನ್ನ ಗುಜರಿಗೆ ಹಾಕೋದು ಬೇಡ, ಬೆಂಗಳೂರಲ್ಲಿ ಇ-ತ್ಯಾಜ್ಯದವರಿಗೆ ಕೊಡ್ತೀನಿ ಅಂತ ಬ್ಯಾಗಿಗೆ ಹಾಕಿಕೊಂಡೆ. ಕಾಕಾ ಅದರ ಎರಡು ಫ್ಯಾನ್‌ಗಳನ್ನ ಮಾತ್ರ ಬಿಚ್ಚಿಸಿ ಇಟ್ಟುಕೊಂಡ.