ಹೊಸ ಡಬ್ಬ ಬಂತು, ಹಳೇ ಕಡತ ಎಲ್ಲಿ?

2025ರ ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗಿದ್ದೆ. ಎಣ್ಣೆ ಸ್ನಾನ ಮುಗಿಸಿ, ಕಡುಬು ತಿಂದು, ಇನ್ನೇನು ಜಗುಲಿಯಲ್ಲಿ ಕಾಲು ಚಾಚಬೇಕು ಅನ್ನುವಷ್ಟರಲ್ಲಿ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತರು.

"ಅಂಗಡಿ ಕಂಪ್ಯೂಟರು ದಿನಾ ಬೆದರಿಸ್ತಾ ಇದೆ ಕಣೋ. ನಿನ್ನ ಕಾಲ ಮುಗೀತು ಅಂತ. ಹೊಸದು ತಗೋಬೇಕು. ಯಾವುದು ತಗೊಳ್ಳಲಿ ಹೇಳು."

ಚಿಕ್ಕಪ್ಪನದು ಪುಟ್ಟ ಡಿ.ಟಿ.ಪಿ. ಅಂಗಡಿ. 1994ರಲ್ಲಿ ಶುರು ಮಾಡಿದ್ದು. ಮದುವೆ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ, ಅದರ ಮುಖಪುಟ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ಅಕ್ಟೋಬರ್ 14ಕ್ಕೆ ನಿಂತಿತ್ತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿ.ಪಿ.ಎಂ. 2.0 ಅನ್ನುವ ಭದ್ರತಾ ಚಿಪ್ಪು ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಆಮೇಲಿನ ಪ್ರೊಸೆಸರು ಕೇಳುತ್ತದೆ. ಚಿಕ್ಕಪ್ಪನ ಪೆಟ್ಟಿಗೆ 2015ರದ್ದು. ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಒಳಗೆ ಪ್ರವೇಶವಿಲ್ಲ.

ನಾನು ಉತ್ಸಾಹದಿಂದ ಫೋನು ತೆಗೆದು ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಅಂತ ಪಟ್ಟಿ ಮಾಡತೊಡಗಿದೆ. ಚಿಕ್ಕಪ್ಪ ಐದು ನಿಮಿಷ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು.

"ಅದೆಲ್ಲ ಸರಿ. ಅದರಲ್ಲಿ ಅಜ್ಜನ ಪುಸ್ತಕ ತೆರೆಯತ್ತಾ?"

ನನ್ನ ಬಾಯಿ ಕಟ್ಟಿತು.

ಅಜ್ಜ ಮೇಷ್ಟ್ರಾಗಿದ್ದವರು. ಅವರ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ತೋಟ, ಭೂತನ ಕಟ್ಟೆ, ಶಾಲೆಗೆ ಹೋಗುವ ಸಂಕ, ಎಲ್ಲದರ ನೆನಪನ್ನೂ ಬರೆದು 1998ರಲ್ಲಿ ಒಂದು ಪುಸ್ತಕ ಮಾಡಿದರು. 140 ಪುಟ. ಮುನ್ನೂರು ಪ್ರತಿ. ಪುಟ ಜೋಡಿಸಿದ್ದು ಚಿಕ್ಕಪ್ಪನೇ. ಈಗ ಮನೆಯಲ್ಲಿ ಉಳಿದಿರುವುದು ಒಂದೇ ಪ್ರತಿ, ಅದಕ್ಕೂ ಬೆಳ್ಳಿಹುಳ ಹತ್ತಿದೆ. ಮತ್ತೆ ಅಚ್ಚು ಮಾಡಿಸಬೇಕು ಅನ್ನುವುದು ಎಲ್ಲರ ಆಸೆ.

ಆ ಒಂದು ಪ್ರಶ್ನೆಯಿಂದಾಗಿ ನಾನು ಡೆಸ್ಕ್‌ಟಾಪ್ ಪೆಟ್ಟಿಗೆಗಳ ನಲವತ್ತು ವರ್ಷದ ಚರಿತ್ರೆ ಕೆದಕಬೇಕಾಯಿತು. ಬರೆದಿಟ್ಟರೆ ನಿಮ್ಮಲ್ಲೂ ಯಾರಿಗಾದರೂ ಉಪಯೋಗವಾದೀತು ಅಂತ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿರಲಿ :)

ಮೊಳೆಯಿಂದ ಮೇಜಿಗೆ

ಆಪಲ್ ಕಂಪನಿಯ ಮೊದಲ ಮ್ಯಾಕಿಂಟಾಷ್ 1984ರ ಜನವರಿ 24ಕ್ಕೆ ಬಂತು. ಅದರ ಮೆಮೊರಿ 128 ಕಿಲೋಬೈಟು. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಚೆಂದದ ಆಟಿಕೆ ಅಂದವರೇ ಹೆಚ್ಚು. ಅದನ್ನು ದುಡಿಯುವ ಯಂತ್ರ ಮಾಡಿದ್ದು 1985ರಲ್ಲಿ ಒಟ್ಟುಗೂಡಿದ ಇನ್ನೆರಡು ವಸ್ತುಗಳು. ಒಂದು, ಲೇಸರ್‌ರೈಟರ್ ಅನ್ನುವ ಮುದ್ರಕ. ಅದರೊಳಗೆ ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಇತ್ತು. ಇನ್ನೊಂದು, ಆಲ್ಡಸ್ ಕಂಪನಿಯ ಪೇಜ್‌ಮೇಕರ್. ವೆನಿಸ್ಸಿನ ಹಳೆಯ ಮುದ್ರಕ ಆಲ್ಡಸ್ ಮನುಷಿಯಸ್‌ನ ಹೆಸರನ್ನೇ ಕಂಪನಿಗೆ ಇಟ್ಟಿದ್ದ ಪಾಲ್ ಬ್ರೇನರ್ಡ್, ಈ ಕೆಲಸಕ್ಕೆ 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಅಂತ ಕರೆದರು. ನಮ್ಮೂರಿನ ಬೋರ್ಡುಗಳ ಮೇಲಿರುವ ಡಿ.ಟಿ.ಪಿ. ಅಂದರೆ ಇದೇ.

ಗಮನಿಸಿ, ಮೂರೂ ಒಟ್ಟಿಗೆ ಇದ್ದಾಗಲೇ ಕೆಲಸ ನಡೆಯಿತು. ಪೆಟ್ಟಿಗೆ, ತಂತ್ರಾಂಶ, ಮುದ್ರಕ. ಒಂದು ಕಾಲು ಮುರಿದರೂ ಮುಕ್ಕಾಲು ಮಣೆ ಮಗುಚಿ ಬೀಳುತ್ತದೆ.

ಪೇಜ್‌ಮೇಕರ್ 1987ರಲ್ಲಿ ವಿಂಡೋಸಿಗೂ ಬಂತು. ಮ್ಯಾಕ್ ಕೊಳ್ಳಲಾಗದ ನಮ್ಮಂಥ ಊರುಗಳಿಗೆ ಬಾಗಿಲು ತೆರೆದದ್ದು ಅದೇ. ಮೊಳೆ ಜೋಡಿಸುತ್ತಿದ್ದವರು, ಟ್ರೆಡಲ್ ತುಳಿಯುತ್ತಿದ್ದವರು ಮೌಸು ಹಿಡಿದರು. ಲೇಸರ್ ಪ್ರಿಂಟರಿನಲ್ಲಿ ಬಟರ್ ಪೇಪರಿನ ಮೇಲೆ ತೆಗೆದು ಆಫ್‌ಸೆಟ್ ಪ್ಲೇಟು ಮಾಡುವುದು ಶುರುವಾಯಿತು.

ಪೌಂಡು ಚಿಹ್ನೆಯ ಕನ್ನಡ

ಆದರೆ ಪೇಜ್‌ಮೇಕರಿಗೆ ಕನ್ನಡ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ರೋಮನ್ ಅಕ್ಷರ ಮತ್ತು ಕೆಲವು ಚಿಹ್ನೆ. ನಮ್ಮವರು ಏನು ಮಾಡಿದರು? ಆ ಇನ್ನೂರು ಚಿಲ್ಲರೆ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಗುಣಿತದ ಕೊಂಬು, ಒತ್ತಕ್ಷರದ ತುಂಡುಗಳನ್ನು ಕೂರಿಸಿದರು. ಕಂಪ್ಯೂಟರಿಗೆ ಅದು ಇಂಗ್ಲಿಷ್, ಕಣ್ಣಿಗೆ ಮಾತ್ರ ಕನ್ನಡ. ಫಾಂಟು ತೆಗೆದರೆ ಬಣ್ಣ ಬಯಲು. ನುಡಿ, ಬರಹದ ಹಳೆಯ ಕಡತಗಳನ್ನು ತೆರೆದಾಗ 'ನ' ಇರಬೇಕಾದ ಕಡೆಯೆಲ್ಲ ಪೌಂಡು ಚಿಹ್ನೆ ಕಂಡದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ಆ ಕಾಲಕ್ಕೆ ಅದು ಜಾಣತನವೇ. ಅದಿಲ್ಲದಿದ್ದರೆ ಅಜ್ಜನ ಪುಸ್ತಕ ಬರುತ್ತಿರಲಿಲ್ಲ. ಆದರೆ ಒಂದು ಕಂಪನಿಯ ಮನೆಗಳ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಮೇಲಾಗಿ ಚಿಕ್ಕಪ್ಪ ಕೊಂಡಿದ್ದ ಕನ್ನಡ ತಂತ್ರಾಂಶಕ್ಕೆ ಒಂದು ಬೀಗವಿತ್ತು. ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಡಾಂಗಲ್. ಪ್ರಿಂಟರ್ ಪೋರ್ಟಿಗೆ ಚುಚ್ಚಿದರೆ ಮಾತ್ರ ಕನ್ನಡ ಮೂಡುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಆ ಪ್ರಿಂಟರ್ ಪೋರ್ಟೇ ಇಲ್ಲ! ಬೀಗದ ಕೈ ಇದೆ, ಬಾಗಿಲಿಗೆ ತೂತಿಲ್ಲ.

ದೊಡ್ಡವರ ಮನೆಯಲ್ಲೂ ಇದೇ ಕತೆ

ಬಡ ಕನ್ನಡಕ್ಕೆ ಮಾತ್ರ ಹೀಗೆ ಅಂದುಕೊಂಡಿದ್ದೆ. ಓದುತ್ತಾ ಹೋದರೆ ಎಲ್ಲರ ಪಾಡೂ ಇದೇ.

ಕಮೊಡೋರ್ ಕಂಪನಿಯ ಅಮಿಗಾ 1985ರಲ್ಲಿ ಬಂದಾಗ ಬಿಡುಗಡೆ ಸಮಾರಂಭದಲ್ಲಿ ಚಿತ್ರಕಾರ ಆಂಡಿ ವಾರ್ಹಾಲ್ ಅದರ ಮೇಲೆಯೇ ಚಿತ್ರ ಬಿಡಿಸಿ ತೋರಿಸಿದರು. 1990ರಲ್ಲಿ ಬಂದ ವಿಡಿಯೋ ಟೋಸ್ಟರ್ ಅನ್ನುವ ಕಾರ್ಡು ಹಾಕಿದರೆ ಅದು ಪುಟ್ಟ ಟಿ.ವಿ. ಸ್ಟುಡಿಯೋ. 1994ರ ಏಪ್ರಿಲಿನಲ್ಲಿ ಕಂಪನಿಯೇ ದಿವಾಳಿ. ಅತ್ಯುತ್ತಮ ಯಂತ್ರ ಕೊಂಡವರು ಬೀದಿಯಲ್ಲಿ ನಿಂತರು.

ಮ್ಯಾಕ್ ಉಳಿಯಿತು, ಆದರೆ ಹೊಟ್ಟೆಯೊಳಗಿನ ಪ್ರೊಸೆಸರು ಮೂರು ಸಲ ಬದಲಾಯಿತು. 1994ರಲ್ಲಿ ಮೊಟೊರೋಲಾ 68000 ಸರಣಿಯಿಂದ ಪವರ್‌ಪಿಸಿಗೆ. 2006ರಲ್ಲಿ ಇಂಟೆಲ್‌ಗೆ. 2020ರಲ್ಲಿ ಆಪಲ್‌ನ ಸ್ವಂತ ಎಂ1 ಚಿಪ್ಪಿಗೆ. ಪ್ರತಿ ಸಲವೂ ಹಳೆಯ ತಂತ್ರಾಂಶ ನಡೆಸಲು ಒಬ್ಬ ದುಭಾಷಿಯನ್ನು ಕೊಟ್ಟರು, ಮೊದಲ ಇಬ್ಬರನ್ನು ಕೆಲವು ವರ್ಷವಾದ ಮೇಲೆ ವಾಪಸ್ ಕರೆಸಿಕೊಂಡರು. ಪವರ್‌ಪಿಸಿ ತಂತ್ರಾಂಶಕ್ಕಿದ್ದ ರೊಸೆಟ್ಟಾ 2011ಕ್ಕೆ ಹೋಯಿತು. 2019ರಲ್ಲಿ 32 ಬಿಟ್ಟಿನ ತಂತ್ರಾಂಶಗಳೆಲ್ಲ ಹೋದವು. ಇಂಟೆಲ್ ಮ್ಯಾಕುಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆಯದು ಅಂತ ಆ ವರ್ಷದ ಜೂನಿನಲ್ಲಿ ಸಾರಿದರು.

ಇನ್ನೊಂದು ಪಾಠ 2013ರ ಮ್ಯಾಕ್ ಪ್ರೋ. ನುಣುಪಾದ ಕಪ್ಪು ಕೊಳವೆ. ಅದುವರೆಗೆ ಮ್ಯಾಕ್ ಪ್ರೋ ಅಂದರೆ ಬಾಗಿಲು ತೆಗೆದು ಡಿಸ್ಕು, ಕಾರ್ಡು ಹಾಕಿಕೊಳ್ಳುವ ದೊಡ್ಡ ಪೆಟ್ಟಿಗೆ. ಹೊಸದರಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪು ಇದ್ದವು, ನಡುವೆ ಶಾಖ ಎಳೆಯಲು ಒಂದೇ ಲೋಹದ ಕಂಬ. ಮುಂದೆ ಜನ ಕೇಳಿದ್ದು ಒಂದೇ ಒಂದು ಬಲವಾದ, ಹೆಚ್ಚು ಬಿಸಿಯಾಗುವ ಕಾರ್ಡು. ಅದಕ್ಕೆ ಅಲ್ಲಿ ಜಾಗವಿಲ್ಲ. 2017ರ ಏಪ್ರಿಲಿನಲ್ಲಿ ಆಪಲ್‌ನವರೇ ಪತ್ರಕರ್ತರನ್ನು ಕರೆದು, ಆ ವಿನ್ಯಾಸದಿಂದ ಮೂಲೆಗೆ ಸಿಕ್ಕಿಕೊಂಡೆವು ಅನ್ನುವಂತೆ ಒಪ್ಪಿಕೊಂಡರು. ಬಾಗಿಲಿರುವ ಪೆಟ್ಟಿಗೆ 2019ರ ಡಿಸೆಂಬರಿನಲ್ಲಿ ಮತ್ತೆ ಬಂತು. ಸುಮಾರು ಆರು ತಿಂಗಳಿಗೆ, ಅಂದರೆ 2020ರ ಜೂನಿನಲ್ಲಿ, ಇಂಟೆಲ್ ಬಿಡುತ್ತೇವೆ ಅಂತ ಘೋಷಣೆ! 2023ರ ಮ್ಯಾಕ್ ಪ್ರೋದಲ್ಲಿ ಕಾರ್ಡು ಹಾಕುವ ಸ್ಲಾಟುಗಳಿದ್ದವು, ಗ್ರಾಫಿಕ್ಸ್ ಕಾರ್ಡು ಮಾತ್ರ ನಡೆಯುತ್ತಿರಲಿಲ್ಲ.

ಇದನ್ನು ಹೇಳಿದರೆ ಚಿಕ್ಕಪ್ಪ ನಕ್ಕು, "ಹಾಗಾದ್ರೆ ಅವರಿಗೂ ಯಾವುದು ತಗೋಬೇಕು ಅಂತ ಗೊತ್ತಿಲ್ಲ ಅನ್ನು" ಅಂದರು.

ಕಡತದ ಸಾವು

ಯಂತ್ರಕ್ಕಿಂತ ಮೊದಲು ಸಾಯುವುದು ಕಡತ. ಆಲ್ಡಸ್ ಕಂಪನಿಯನ್ನು 1994ರಲ್ಲಿ ಅಡೋಬಿ ಕೊಂಡಿತು. 1999ರಲ್ಲಿ ಇನ್‌ಡಿಸೈನ್ ತಂದಿತು. ಪೇಜ್‌ಮೇಕರ್ 2001ರ 7ನೇ ಆವೃತ್ತಿಗೆ ನಿಂತಿತು. ಇನ್‌ಡಿಸೈನ್ ಸಿ.ಎಸ್.6ರವರೆಗೆ ಪೇಜ್‌ಮೇಕರ್ ಕಡತ ತೆರೆಯುತ್ತಿತ್ತು, ಆಮೇಲಿನ ಆವೃತ್ತಿಗಳಲ್ಲಿ ಆ ಬಾಗಿಲೂ ಮುಚ್ಚಿತು. 1985ರ ಕ್ರಾಂತಿಗೆ ಕಾರಣವಾಗಿದ್ದ ಟೈಪ್ 1 ಫಾಂಟುಗಳನ್ನು ಅಡೋಬಿಯೇ 2023ರ ಜನವರಿಯಲ್ಲಿ ಇನ್‌ಡಿಸೈನಿನಿಂದ ಹೊರಗೆ ಹಾಕಿತು. 2011ರ ಜೂನಿನಲ್ಲಿ ಬಂದ ಫೈನಲ್ ಕಟ್ ಪ್ರೋ ಎಕ್ಸ್, ತನ್ನ ಹಿಂದಿನ ಆವೃತ್ತಿಯ ಕೆಲಸಗಳನ್ನೇ ತೆರೆಯುತ್ತಿರಲಿಲ್ಲ. ಸಿನಿಮಾ ಸಂಕಲನಕಾರರು ರೇಗಿದ್ದು ಸುಮ್ಮನೆ ಅಲ್ಲ.

ಈ ನಡುವೆ ಕನ್ನಡಕ್ಕೆ ಒಳ್ಳೆಯದೂ ಆಯಿತು, ಅದನ್ನು ಹೇಳಲೇಬೇಕು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂತು. ನಾವೆಲ್ಲ ಬ್ಲಾಗು ಬರೆಯಲು ಶುರು ಮಾಡಿದ್ದು ಅದರ ಪುಣ್ಯದಿಂದಲೇ ಅಲ್ಲವೇ? 2011ರಲ್ಲಿ ಮ್ಯಾಕಿಗೂ ಕನ್ನಡ ಫಾಂಟು ಜೊತೆಗೇ ಬಂತು. 2012ರ ಇನ್‌ಡಿಸೈನ್ ಸಿ.ಎಸ್.6 ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಜೋಡಿಸುವುದನ್ನು ಕಲಿಯಿತು. ಉಚಿತವಾಗಿ ಸಿಗುವ ಸ್ಕ್ರೈಬಸ್ ಕೂಡ ಈಚಿನ ಆವೃತ್ತಿಗಳಲ್ಲಿ ಕಲಿತಿದೆ. ಅಂದರೆ 1998ರಲ್ಲಿ ಡಾಂಗಲ್ ಇಲ್ಲದೆ ಆಗದಿದ್ದ ಕೆಲಸ ಇವತ್ತು ಯಾವ ಸಾಧಾರಣ ಪೆಟ್ಟಿಗೆಯಲ್ಲೂ ಆಗುತ್ತದೆ. ಹಳೆಯದನ್ನು ಹೊಸ ದಡಕ್ಕೆ ದಾಟಿಸಿದರೆ ಸಾಕು.

ಮೂಲೆಯ ಪೆಟ್ಟಿಗೆ

ಅಂಗಡಿಯ ಮೂಲೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯಡಿ, ವಿಂಡೋಸ್ 98ರ ಪೆಟ್ಟಿಗೆ ಇನ್ನೂ ಕೂತಿತ್ತು. ಬೆನ್ನಿಗೆ ಡಾಂಗಲ್. ಪಾಡ್ಯದ ಮಧ್ಯಾಹ್ನ ಇಬ್ಬರೂ ಅದರ ಧೂಳು ಊದಿದೆವು. ಮೊದಲ ಸಲ ಬರೀ ಬೀಪು. ಮೆಮೊರಿ ಪಟ್ಟಿ ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆವು. ಎರಡನೇ ಸಲ ಗಡಿಯಾರ ತಪ್ಪಿದೆ ಅಂತ ನಿಂತಿತು. ನಾಣ್ಯದಂಥ ಬ್ಯಾಟರಿ ಬದಲಿಸಿದೆವು. ಮೂರನೇ ಸಲ ಆ ಮೋಡದ ಚಿತ್ರ ಬಂತು ನೋಡಿ, ಚಿಕ್ಕಪ್ಪ ಕುರ್ಚಿಯಿಂದ ಎದ್ದೇ ನಿಂತರು.

ಪುಸ್ತಕ ತೆರೆಯಿತು. 140 ಪುಟವೂ ಇತ್ತು. ಫೋಟೋಗಳು ಮಾತ್ರ ಇರಲಿಲ್ಲ. ಅವನ್ನು ಬೇರೆ ಫ್ಲಾಪಿಯಲ್ಲಿ ಇಟ್ಟಿದ್ದರಂತೆ, ಫ್ಲಾಪಿಗೆ ಬೂಷ್ಟು ಹಿಡಿದು ಓದಲಾಗಲಿಲ್ಲ. ಪುಟದೊಳಗೆ ಮಸುಕಾದ ನೆರಳಷ್ಟೇ ಉಳಿದಿತ್ತು. ಮುಳುಗುವ ಮುಂಚಿನ ಮನೆಯ ಫೋಟೋ ಅದು, ಮೂಲ ಪ್ರತಿಯೂ ಇಲ್ಲ. ಅಚ್ಚಾದ ಆ ಒಂದೇ ಪ್ರತಿಯಿಂದ ಸ್ಕ್ಯಾನ್ ಮಾಡಿಕೊಂಡೆವು. ಚುಕ್ಕಿ ಚುಕ್ಕಿ ಕಾಣುತ್ತದೆ. ಅಷ್ಟೇ ಸಿಕ್ಕಿದ್ದು.

ಪಠ್ಯವನ್ನು ಹೊರತೆಗೆದು ಯುನಿಕೋಡಿಗೆ ಪರಿವರ್ತಿಸಿದೆವು. ಹಳೆಯ ಫಾಂಟಿನಲ್ಲಿ ಒತ್ತಕ್ಷರ ಗುಣಿತದ ಆಮೇಲೆ ಕೂತಿರುತ್ತದೆ, ಯುನಿಕೋಡಿನಲ್ಲಿ ಮೊದಲು ಬರಬೇಕು. ಅರ್ಕಾವತ್ತಿನದು ಬೇರೆಯೇ ರಗಳೆ. ಪರಿವರ್ತಕ ಬಹುಪಾಲು ಸರಿ ಮಾಡಿತು, ಎಲ್ಲವನ್ನೂ ಅಲ್ಲ. ಚಿಕ್ಕಮ್ಮ ಅಚ್ಚಿನ ಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ತಿದ್ದುವುದು. ಭೂತನ ಕಟ್ಟೆಯ ಅಧ್ಯಾಯ ಬಂದಾಗ ಚಿಕ್ಕಮ್ಮ ಓದು ನಿಲ್ಲಿಸಿ, "ಮಾವ ಹೀಗೇ ಮಾತಾಡ್ತಿದ್ರು" ಅಂದರು. ಆ ದಿನ ಮುಂದೆ ಸಾಗಲಿಲ್ಲ.

ಕೊನೆಗೆ ಕೊಂಡಿದ್ದೇನು?

ಅಷ್ಟಾದ ಮೇಲೆಯೇ ಹೊಸ ಪೆಟ್ಟಿಗೆಯ ಮಾತು. ಆಪಲ್ ಎಂ4 ಚಿಪ್ಪಿನ ಮ್ಯಾಕ್ ಮಿನಿಯನ್ನೂ ಯೋಚಿಸಿದೆವು. ಅಂಗೈಯಗಲದ ಡಬ್ಬ, ವೇಗ, ಸದ್ದಿಲ್ಲ. ಬರೀ ವಿಡಿಯೋ ಸಂಕಲನ ಅಥವಾ ಸಂಗೀತ ಮಾಡುವವರಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ಅದರ ಮೆಮೊರಿ ಚಿಪ್ಪಿನ ಜೊತೆಗೇ ಅಂಟಿಕೊಂಡಿದೆ, ಆಮೇಲೆ ಹೆಚ್ಚಿಸಲಾಗದು. ಚಿಕ್ಕಪ್ಪನ ಪ್ರಿಂಟರು, ಅಭ್ಯಾಸ ಎಲ್ಲ ವಿಂಡೋಸಿನದು.

ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಸಾಧಾರಣ ಪೆಟ್ಟಿಗೆ. 2025ರ ಕೊನೆಯಲ್ಲಿ ಮೆಮೊರಿ ಬೆಲೆ ವಿಪರೀತ ಏರಿತ್ತು, ಅದಕ್ಕೆ 16 ಜಿಬಿ ಹಾಕಿಸಿ ಎರಡು ಸ್ಲಾಟು ಖಾಲಿ ಬಿಟ್ಟೆವು. ಪುಟ ಜೋಡಣೆಗೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಡ, ಹಾಕಿಸಲಿಲ್ಲ. ಉಳಿದ ದುಡ್ಡು ಬಣ್ಣ ಸರಿಯಾಗಿ ತೋರುವ ಐ.ಪಿ.ಎಸ್. ಮಾನಿಟರಿಗೆ, ಯು.ಪಿ.ಎಸ್.ಗೆ ಮತ್ತು ಎರಡು ಹೊರಗಿನ ಡಿಸ್ಕಿಗೆ ಹೋಯಿತು. ಒಂದು ಡಿಸ್ಕು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಪ್ರತಿ ಪುಸ್ತಕಕ್ಕೂ ಮೂರು ರೂಪ: ಪುಟ ಜೋಡಿಸಿದ ಕಡತ, ಪಿ.ಡಿ.ಎಫ್., ಬರೀ ಯುನಿಕೋಡ್ ಪಠ್ಯ. ಮೊದಲನೆಯದು ಹತ್ತು ವರ್ಷಕ್ಕೆ ಸತ್ತರೂ ಮೂರನೆಯದನ್ನು ಯಾರು ಬೇಕಾದರೂ ಓದಬಹುದು.

ಹಳೆಯ ಪೆಟ್ಟಿಗೆ ಮೂಲೆಯಲ್ಲೇ ಇದೆ. ಅದರಲ್ಲಿ ಇನ್ನೂ ಸುಮಾರು ಎಂಬತ್ತು ಪುಸ್ತಕಗಳಿವೆ, ಎಲ್ಲ ಬೇರೆಯವರ ಅಜ್ಜಂದಿರದ್ದು. ಚಿಕ್ಕಪ್ಪ ಭಾನುವಾರಕ್ಕೊಂದರಂತೆ ದಾಟಿಸುತ್ತಿದ್ದಾರೆ. ಯಂತ್ರ ಮೊದಲು ನಿಲ್ಲುತ್ತದೋ, ಪುಸ್ತಕ ಮೊದಲು ಮುಗಿಯುತ್ತದೋ ನೋಡಬೇಕು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಮ್ಮೆ ಶುರು ಮಾಡಿ ನೋಡಿ. ಬೀಪು ಅಂದರೆ ರಬ್ಬರಿನಿಂದ ಉಜ್ಜಿ.