ಶಾಸನ ಓದಿದವರು, ಶಿಲ್ಪ ನೋಡಿದವರು

ಹದಿನೈದನೆಯ ಶತಮಾನದ ಇಟಲಿಯ ಚರ್ಚುಗಳ ಚಿತ್ರ ಅರ್ಥೈಸುವವರಿಗೆ ಒಂದು ಅನುಕೂಲವಿದೆ. ಚಿತ್ರ ಬರೆಸಿದವನಿಗೂ ಬರೆದವನಿಗೂ ಆದ ಕರಾರುಪತ್ರ ಎಷ್ಟೋ ಸಲ ಸಿಗುತ್ತದೆ. ಯಾವ ದರ್ಜೆಯ ನೀಲಿ ಬಳಿಯಬೇಕು ಎಂಬ ಷರತ್ತೂ ಚಿತ್ರದ ಅರ್ಥಕ್ಕೆ ಸೇರಿದ್ದೆಂದು ಕಲಾ ಇತಿಹಾಸಕಾರ ಮೈಕೆಲ್ ಬ್ಯಾಕ್ಸಂಡಾಲ್ 1972ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಅಂಥ ದಾಖಲೆ ಗುಡಿಯಲ್ಲೇ ನಿಂತಿರುತ್ತದೆ: ದಾನಶಾಸನ. ಆದರೂ ಸವದತ್ತಿ, ಕಿತ್ತೂರು ಸೀಮೆಯಲ್ಲಿ ಶಾಸನ ಓದುವವರದೊಂದು ದಾರಿ, ಶಿಲ್ಪ ನೋಡುವವರದೊಂದು ದಾರಿ ಎಂಬಂತೆಯೇ ಬಹುಕಾಲ ನಡೆಯಿತು.

ಮೊದಲು ಬಂದವರು ಅಧಿಕಾರಿಗಳು. ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ಸವದತ್ತಿಯ ರಟ್ಟರ, ಗೋವೆಯ ಕದಂಬರ ಶಾಸನಗಳನ್ನು ಅಚ್ಚುಹಾಕಿಸಿದರು. ಅವರಿಗೆ ಬೇಕಾದದ್ದು ಅರಸರ ವಂಶಾವಳಿ. ಗುಡಿ ಅವರ ಮಟ್ಟಿಗೆ ಬರಹ ಹೊತ್ತ ಗೋಡೆ. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಸರ್ವೇಕ್ಷಣೆ ಮಾಡಿದರು. 1926ರಲ್ಲಿ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತು ಕುರಿತ ಗ್ರಂಥ ತಂದರು. ಅವರ ಕಣ್ಣು ಕಂಬ, ಶಿಖರಗಳ ಮೇಲೆ. ಸವದತ್ತಿ ಹತ್ತಿರದ ಹೂಲಿಯ ಶಾಸನಗಳನ್ನು ಸಂಪಾದಿಸಿದ ಎಲ್.ಡಿ. ಬಾರ್ನೆಟ್ ಇದ್ದದ್ದು ಗುಡಿಗಳಿಂದ ದೂರ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ.

1931ರಲ್ಲಿ ಜಾರ್ಜ್ ಮೊರೇಸ್ ತಮ್ಮ ‘ಕದಂಬ ಕುಲ’ದಲ್ಲಿ ಇತಿಹಾಸ, ವಾಸ್ತು ಎರಡನ್ನೂ ಒಂದೇ ರಟ್ಟಿನೊಳಗೆ ತಂದರು. ಒಳ್ಳೆಯದೇ ಆಯಿತು. ಆದರೆ ರೂಪಕ್ಕೆ ರಾಜವಂಶದ ಹೆಸರು ಅಂಟಿಸುವ ಚಾಳಿಯೂ ಗಟ್ಟಿಯಾಯಿತು. ಕೆತ್ತುವ ರೂವಾರಿಗೆ ರಾಜ್ಯದ ಗಡಿ ಎಲ್ಲಿಯದು? ಆ ಹೆಸರುಪಟ್ಟಿಯಿಂದ ಚರ್ಚೆಯನ್ನು ಬಿಡಿಸಿದ್ದು 1995ರಲ್ಲಿ ಆಡಂ ಹಾರ್ಡಿ. ‘ಕರ್ಣಾಟ ದ್ರಾವಿಡ’ ಎಂಬ ಒಂದೇ ಪರಂಪರೆಯಲ್ಲಿ ರೂಪದಿಂದ ರೂಪ ಹೇಗೆ ಹುಟ್ಟುತ್ತದೆಂದು ಅವರು ವಿವರಿಸಿದರು. ಇತ್ತ ಎಂ. ಚಿದಾನಂದಮೂರ್ತಿಯವರ 1966ರ ಪುಸ್ತಕ ಶಾಸನಗಳನ್ನು ಅರಸರಿಂದ ಬಿಡಿಸಿ ಜನಜೀವನದ ಕಡೆ ತಿರುಗಿಸಿತ್ತು. ನನ್ನ ಮಟ್ಟಿಗೆ ಇದೇ ದೊಡ್ಡ ತಿರುವು.

ಎರಡು ದಾರಿ ಕೂಡಬೇಕಾದ ಜಾಗ ಕಿತ್ತೂರಿನ ಹತ್ತಿರದ ದೇಗಾಂವ. ಅಲ್ಲಿಯ ಕಮಲನಾರಾಯಣ ಗುಡಿಯನ್ನು 12ನೆಯ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ; ಕಟ್ಟಿದವನು ತಿಪ್ಪೋಜ. ಸಾಲಾಗಿ ಮೂರು ಗರ್ಭಗುಡಿ. ಒಂದರಲ್ಲಿ ನಾರಾಯಣ, ಇನ್ನೊಂದರಲ್ಲಿ ನಾರಾಯಣನ ತೊಡೆಯ ಮೇಲೆ ಲಕ್ಷ್ಮಿ. ಮೂರನೆಯದರ ಸ್ತ್ರೀಮೂರ್ತಿಯನ್ನು ರಾಣಿ ಕಮಲಾದೇವಿ ಎನ್ನುತ್ತಾರೆ. ಶಾಸನವಾದರೋ ಕಮಲನಾರಾಯಣನ ಜೊತೆ ಹೆಸರಿಸುವುದು ಮಹಾಲಕ್ಷ್ಮಿಯನ್ನು. ಕಮಲೆ ಎಂದರೂ ಲಕ್ಷ್ಮಿಯೇ. ಹಾಗಾಗಿ ದೇವರಿಗೆ ತನ್ನ ಹೆಸರು ಕೂಡಿಸಿದ ರಾಣಿ, ಮೂರ್ತಿಗೂ ತನ್ನ ಹೋಲಿಕೆ ಬರಲೆಂದು ಬಯಸಿರಬಹುದೇ ಎಂದು ಕೇಳಬಹುದು. ಬರೀ ಶಾಸನ ಓದಿದರೂ ಬರೀ ಮೂರ್ತಿ ನೋಡಿದರೂ ಈ ಪ್ರಶ್ನೆಯೇ ಏಳುವುದಿಲ್ಲ. ಗರ್ಭಗುಡಿಯೊಳಗೆ ಪೂಜೆಗೊಳ್ಳುವ ಜಾಗದಲ್ಲಿ ಕೂತದ್ದು ದೇವಿ ಎಂದೇ ನನ್ನ ಎಣಿಕೆ. ಆದರೆ ಸುತ್ತ ಕೆತ್ತಿದ ಸಖಿಯರನ್ನು ಕಂಡಾಗ ರಾಣಿಯ ಪರಿವಾರ ನೆನಪಾಗುವುದೂ ಸಹಜ.

ಬೈಲಹೊಂಗಲದಲ್ಲಿ ತೊಡಕು ಬೇರೆ ತರಹದ್ದು. ಊರ ಹೊರಗಿನ ಹಳೆಯ ಗುಡಿ ಮೊದಲು ಜೈನರದಿದ್ದು ಆಮೇಲೆ ಲಿಂಗಪೂಜೆಗೆ ತಿರುಗಿದಂತಿದೆ. ಅಂದಮೇಲೆ ಯಾವ ಕಾಲದ ಭಕ್ತರ ಕಣ್ಣಿನಿಂದ ಆ ಗುಡಿಯನ್ನು ಅರ್ಥೈಸಬೇಕು? ರಾಮದುರ್ಗ ತಾಲ್ಲೂಕಿನ ತೊರಗಲ್ಲಿನ ಭೂತನಾಥ ಗುಡಿಗಳ ಶಾಸನಕ್ಕೂ ಫ್ಲೀಟರ ಕಾಲದಲ್ಲೇ ಓದುಗರು ಸಿಕ್ಕರು. ಶಿಲ್ಪವನ್ನು ಆ ಶಾಸನದ ಜೊತೆಗಿಟ್ಟು ನೋಡುವ ಕೆಲಸ ದೇಗಾಂವದಲ್ಲಿರುವಂತೆ ತೊರಗಲ್ಲಿನಲ್ಲೂ ಆಗಬೇಕಿದೆ.