ಕಾಪಿರೈಟಿನ ಮನೆಯಲ್ಲಿ ಬೆಳೆದ ಖಾಸಗಿತನ

ಒಪ್ಪಿಗೆಯಿಲ್ಲದೆ ತಮ್ಮ ಫೋಟೊ ಜಾಲತಾಣಕ್ಕೆ ಏರಿತೆಂದು ದೂರು ತಂದವರನ್ನು ವಕೀಲರು 'ಇದನ್ನು ತೆಗೆದವರು ಯಾರು?' ಎಂದು ಕೇಳುವುದುಂಟು. ಮಾನ ಹೋಗುತ್ತಿರುವಾಗ ಮಾಲೀಕತ್ವದ ಮಾತೇಕೆ ಎಂದು ನೊಂದವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಆ ಪ್ರಶ್ನೆಗೆ ಸುಮಾರು 280 ವರ್ಷದ ಚರಿತ್ರೆಯಿದೆ. ಇಂಗ್ಲಿಷ್ ಕಾನೂನಿನಲ್ಲಿ ಖಾಸಗಿತನ ತನ್ನದೇ ಹೆಸರಿನಲ್ಲಿ ಹುಟ್ಟಲಿಲ್ಲ, ಕಾಪಿರೈಟಿನ ಆಸರೆಯಲ್ಲಿ ಬೆಳೆಯಿತು. ಇಂದಿನ ಜಾಲತಾಣ ವ್ಯಾಜ್ಯಗಳ ಗೋಜಲಿಗೆ ಅರ್ಧ ಕಾರಣ ಈ ಬೆಳವಣಿಗೆಯೇ.

1741ರಲ್ಲಿ ಕವಿ ಅಲೆಕ್ಸಾಂಡರ್ ಪೋಪ್, ತನ್ನ ಮತ್ತು ಜೊನಾಥನ್ ಸ್ವಿಫ್ಟ್ ನಡುವಿನ ಪತ್ರಗಳನ್ನು ಅಚ್ಚು ಹಾಕಿದ ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿಯನ್ನು ಕೋರ್ಟಿಗೆಳೆದ. ತೀರ್ಪು ಕೊಟ್ಟ ಲಾರ್ಡ್ ಹಾರ್ಡ್‌ವಿಕ್ ಹೇಳಿದ್ದಿಷ್ಟು: ಕಾಗದ ತಲುಪಿದವರದಾಗಬಹುದು, ಅದರೊಳಗಿನ ಬರಹವನ್ನು ಲೋಕಕ್ಕೆ ಹಂಚುವ ಅಧಿಕಾರ ಮಾತ್ರ ಅವರಿಗಿಲ್ಲ. ತಡೆಯಾಜ್ಞೆ ಸಿಕ್ಕಿದ್ದು ಪೋಪ್ ಬರೆದ ಪತ್ರಗಳಿಗೆ ಮಾತ್ರ. ಅವನಿಗೆ ಬಂದ ಪತ್ರಗಳಿಗಲ್ಲ. ಗುಟ್ಟು ಇಬ್ಬರದು, ರಕ್ಷಣೆ ಬರೆದ ಕೈಗಷ್ಟೇ. 1849ರ ಮೊಕದ್ದಮೆ ಇನ್ನೂ ಮುಂದೆ ಹೋಯಿತು. ವಿಕ್ಟೋರಿಯಾ ರಾಣಿ ಮತ್ತು ಪ್ರಿನ್ಸ್ ಆಲ್ಬರ್ಟ್ ತಮ್ಮ ಸಂತೋಷಕ್ಕೆಂದು ಮನೆಯವರ, ಸಾಕುನಾಯಿಗಳ ಚಿತ್ರಗಳನ್ನು ಲೋಹದ ತಗಡುಗಳಲ್ಲಿ ಕೊರೆದಿದ್ದರು. ವಿಂಡ್ಸರ್‌ನ ಮುದ್ರಕನ ಆಳು ಕದ್ದು ಹೆಚ್ಚಿನ ಪ್ರತಿ ತೆಗೆದ. ಅವು ಕೈಯಿಂದ ಕೈಗೆ ದಾಟಿ, ವಿಲಿಯಂ ಸ್ಟ್ರೇಂಜ್ ಎಂಬ ಪ್ರಕಾಶಕನಿಂದ ಒಂದು ಕ್ಯಾಟಲಾಗ್ ಅಚ್ಚಾಯಿತು. ಅದರಲ್ಲಿದ್ದುದು ಚಿತ್ರಗಳಲ್ಲ, ಚಿತ್ರಗಳ ವಿವರಣೆ. ಆದರೂ ಕೋರ್ಟು ತಡೆಯಿತು. ನಕಲೇ ಇಲ್ಲದ ಕಡೆ ಕಾಪಿರೈಟ್ ಮಾತ್ರದಿಂದ ಆ ತೀರ್ಪನ್ನು ವಿವರಿಸುವುದು ಕಷ್ಟ. ಬಾಸ್ಟನ್ನಿನ ವಕೀಲರಾದ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿಸ್ ಬ್ರಾಂಡೈಸ್ 1890ರ ತಮ್ಮ ಹೆಸರಾಂತ ಲೇಖನದಲ್ಲಿ ಈ ಎಳೆಯನ್ನೇ ಹಿಡಿದರು: ಇಂಥ ತೀರ್ಪುಗಳು ಕಾಯುತ್ತಿದ್ದುದು ಆಸ್ತಿಯನ್ನಲ್ಲ, ಮನುಷ್ಯನನ್ನು.

ಇದೆಲ್ಲ ವಂಶಾವಳಿಯ ಮಾತಾಯಿತು, ಈಗೇನು ಎನ್ನಬಹುದು. ಈಗಿನ ತೊಡಕು ಇಲ್ಲೇ ಇದೆ. ಪತ್ರದಲ್ಲಿ ಬರೆದವನೂ ಬಯಲಾಗುವವನೂ ಹೆಚ್ಚಾಗಿ ಒಬ್ಬನೇ. ಫೋಟೊದಲ್ಲಿ ತೆಗೆದವರೊಬ್ಬರು, ಮುಖ ಇನ್ನೊಬ್ಬರದು. ಸೆಲ್ಫಿಯಾದರೆ ಕಾಪಿರೈಟ್ ನೊಂದವರ ಕೈಯಲ್ಲೇ ಇರುತ್ತದೆ, ಇಲ್ಲದಿದ್ದರೆ ನೋಯಿಸಿದವರ ಕೈಯಲ್ಲೇ ಇರಲೂಬಹುದು. ಅಮೆರಿಕದ ಗಾರ್ಸಿಯಾ ಪ್ರಕರಣವನ್ನೇ ನೋಡಿ. ಸಾಹಸದ ಸಿನಿಮಾ ಎಂದು ನಂಬಿ ಗಾರ್ಸಿಯಾ ಎಂಬ ನಟಿ ಕ್ಯಾಮೆರಾ ಎದುರು ನಿಂತರು. ಅವರ ದೃಶ್ಯಕ್ಕೆ ಬೇರೆ ಮಾತು ಡಬ್ ಮಾಡಿ, ಪ್ರವಾದಿಯನ್ನು ನಿಂದಿಸುವ ವಿಡಿಯೊವಾಗಿ 2012ರಲ್ಲಿ ಯೂಟ್ಯೂಬ್‌ಗೆ ಏರಿಸಲಾಯಿತು. ಕೊಲೆ ಬೆದರಿಕೆಗಳು ಬಂದಾಗ ಅವರು ಹಿಡಿದ ಅಸ್ತ್ರವೂ ಕಾಪಿರೈಟೇ. 2014ರಲ್ಲಿ ಕೋರ್ಟಿನಲ್ಲಿ ಗೆದ್ದರು. 2015ರಲ್ಲಿ ಅದೇ ಕೋರ್ಟಿನ ವಿಸ್ತೃತ ಪೀಠದ ಮುಂದೆ ಸೋತರು: ಐದು ಸೆಕೆಂಡಿನ ಅಭಿನಯಕ್ಕೆ ಪ್ರತ್ಯೇಕ ಕಾಪಿರೈಟ್ ಇಲ್ಲ.

ಭಾರತದಲ್ಲಿ ಆ ಹಳೆಯ ನಂಟು ಹರಿದಿದೆಯಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ 2012ರಲ್ಲಿ ಹೂಡಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಅದರ ಬೇರು ಇರುವುದು ಬದುಕಿನಲ್ಲಿ, ಘನತೆಯಲ್ಲಿ; ಆಸ್ತಿಯಲ್ಲಿ ಅಲ್ಲ. ಸರಿ. ಆದರೆ ಹಕ್ಕಿನ ಘೋಷಣೆ ಬೇರೆ, ಪರಿಹಾರದ ವೇಗ ಬೇರೆ. 2013ರ ಕಾಪಿರೈಟ್ ನಿಯಮಗಳಲ್ಲಿ ಲಿಖಿತ ದೂರು ಕೊಟ್ಟರೆ 36 ಗಂಟೆಯೊಳಗೆ ತಾಣದವರು ಕ್ರಮ ಕೈಗೊಳ್ಳಬೇಕು. ಘನತೆಯ ವಾದಕ್ಕೆ ಸಿವಿಲ್ ಕೋರ್ಟಿನ ಮೆಟ್ಟಿಲೇ ಗತಿ. ಬೇಗ ಕೆಲಸ ಮಾಡುವ ಅಸ್ತ್ರ ಅತಿಗೂ ಹೋಗುತ್ತದೆ: ಕೆಜಿಎಫ್ 2 ಸಿನಿಮಾದ ಹಾಡು ಬಳಸಿದರೆಂಬ ದೂರಿನ ಮೇಲೆ 2022ರ ನವೆಂಬರ್‌ನಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು, ಹಾಡಿರುವ ತುಣುಕುಗಳನ್ನಷ್ಟೇ ತೆಗೆದರೆ ಸಾಕೆಂದು ಮರುದಿನ ಹೈಕೋರ್ಟ್ ಅದನ್ನು ಬದಿಗೊತ್ತಿತು. ಘನತೆಯ ವಾದಕ್ಕಿದ್ದ ವೇಗದ ಕೊರತೆಯನ್ನು 2021ರ ಐಟಿ ನಿಯಮಗಳು ಒಂದು ಮೂಲೆಯಲ್ಲಿ ತುಂಬಿದವು. ನಗ್ನ ಚಿತ್ರವಾಗಲಿ, ತಿರುಚಿದ ಚಿತ್ರವಾಗಲಿ, ಅದರಲ್ಲಿರುವ ವ್ಯಕ್ತಿ ದೂರಿದರೆ 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕೆಂದು ಅವು ಆಗ ವಿಧಿಸಿದವು. ಫೋಟೊ ತೆಗೆದವರು ಯಾರೆಂದು ಆ ನಿಯಮ ಕೇಳುವುದಿಲ್ಲ.